ಜುಮ್ಮೆನ್ನದ ಕಾಲು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಗಂಗಾನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಸೀನಿಯರ್ ಫಿಸಿಯೋಥೆರಪಿಸ್ಟ್. ಬರುವವರಲ್ಲಿ ಅರ್ಧಕ್ಕರ್ಧ ಹಳೆಯ ಸೊಂಟನೋವಿನವರು. ಟೆನ್ಸ್ ಎಂಬ ಯಂತ್ರದ ಪ್ಯಾಡ್‌ಗಳನ್ನು ಅಂಟಿಸಿ ಇಪ್ಪತ್ತು ನಿಮಿಷ ಸಣ್ಣಗೆ ವಿದ್ಯುತ್ ಹರಿಸುತ್ತಿದ್ದೆವು. ನೋವು ಮಂಕಾಗುತ್ತದೆ, ನೋವಿನ ಕಾರಣ ಅಲ್ಲೇ ಇರುತ್ತದೆ. ಜನ ಇದನ್ನು ‘ಕರೆಂಟ್ ಇಡಿಸ್ಕೊಳ್ಳೋದು’ ಅನ್ನುತ್ತಾರೆ. ಜುಮ್ಮೆಂದಷ್ಟೂ ಗುಣ ಎಂಬುದು ಅವರ ನಂಬಿಕೆ.

ಶಮೀಮಕ್ಕ ಬ್ಲೌಸ್ ಹೊಲಿಯುವವರು. ಸೊಂಟದಿಂದ ಎಡ ಮೀನಖಂಡದವರೆಗೂ ನೋವು. “ಪೆಡಲ್ ತುಳಿಯಕ್ಕೆ ಕಾಲೊಂದು ಸರಿ ಮಾಡ್ಕೊಡಿ ಡಾಕ್ಟ್ರೇ, ಮಿಕ್ಕಿದ್ದು ನೀವೇ ಇಟ್ಕೊಳಿ” ಎಂದು ನಗಿಸಿದರು. ಸೊಂಟಕ್ಕೆರಡು, ಮೀನಖಂಡಕ್ಕೆರಡು ಪ್ಯಾಡ್ ಇಟ್ಟೆ. ಇಡುವ ಮೊದಲು ಪ್ರತಿ ಸಲವೂ ಬಿಸಿನೀರು, ತಣ್ಣೀರಿನ ಎರಡು ಗಾಜಿನ ನಳಿಕೆ ತಾಗಿಸಿ, ಚರ್ಮಕ್ಕೆ ಸ್ಪರ್ಶಜ್ಞಾನ ಇದೆಯೇ ನೋಡಬೇಕು. ಮೊದಲ ದಿನ ನೋಡಿದ್ದೆ. ಆಮೇಲೆ, ಪರಿಚಯದವರಲ್ಲವೇ ಎಂದು ಬಿಟ್ಟೆ.

ಆರನೆಯ ದಿನ, “ಕಾಲಿಗೆ ಕರೆಂಟೇ ಬರ್ತಿಲ್ಲ ಕಣ್ರೀ, ನಿಮ್ಮಲ್ಲೂ ಲೋಡ್ ಶೆಡ್ಡಿಂಗಾ?” ಎಂದರು. ನಾನೂ ನಕ್ಕು ಡಯಲ್ ತಿರುಗಿಸಿದೆ. ಏಳನೆಯ ದಿನ ಇನ್ನೊಂದಿಷ್ಟು. ಎಂಟನೆಯ ದಿನ ಮೀನಖಂಡದ ಪ್ಯಾಡ್ ಬಿಚ್ಚಿದಾಗ ಕೆಳಗೆ ಗುಳ್ಳೆ ಎದ್ದಿತ್ತು. ಅವರಿಗೆ ಉರಿಯೇ ತಿಳಿದಿರಲಿಲ್ಲ. “ಕಾಲ್ಬೆರಳು ಮೇಲೆತ್ತಿ” ಎಂದೆ. ಆಗಲಿಲ್ಲ.

ಆಟೋದಲ್ಲಿ ಹೆಬ್ಬಾಳದ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಜಾರಿದ ಡಿಸ್ಕ್ ನರವನ್ನು ಒತ್ತುತ್ತಿತ್ತು. ಸರ್ಜನ್ ಕೇಳಿದರು: “ಕಾಲು ಮರಗಟ್ಟಿ ಎಷ್ಟು ದಿನ ಆಯ್ತು?”

ಶಮೀಮಕ್ಕ ನನ್ನ ಮುಖ ನೋಡಿದರು. “ಇವತ್ತೇ ಸಾರ್. ಇವ್ರೇ ಕಂಡ್ಹಿಡಿದ್ರು.”

ಸರ್ಜನ್ ಹಾಗೇ ಬರೆದುಕೊಂಡರು; ನಾನು ತಿದ್ದಲಿಲ್ಲ.

ಆಪರೇಷನ್ ಆಯಿತು. ನೋವು ಹೋಯಿತು, ಪಾದ ಮಾತ್ರ ಪೂರ್ತಿ ಮೇಲೇಳಲಿಲ್ಲ. ಎರಡು ದಿನ ಮೊದಲೇ ಕಳಿಸಿದ್ದರೆ ಎದ್ದೀತೇ? ಖಚಿತವಾಗಿ ಯಾರೂ ಹೇಳಲಾರರು. ನೋಯುವ ಹಲ್ಲಿಗೆ ನಾಲಿಗೆ ಹೊರಳುವಂತೆ ನನ್ನ ಮನಸ್ಸು ಅಲ್ಲಿಗೇ ಹೊರಳುತ್ತದೆ. ತಿಂಗಳು ಕಳೆದು ಅವರ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ.

“ನಂಗೊತ್ತಿತ್ತು ಬಿಡಿ. ನಿಜ ಹೇಳಿದ್ರೆ ನಿಮ್ಮ ಕೆಲ್ಸ ಹೋಗ್ತಿತ್ತಲ್ಲ” ಎಂದು, ಬಲಗಾಲೊಂದರಲ್ಲೇ ಪೆಡಲ್ ತುಳಿದರು.

ರೋಗಿ ‘ಗೊತ್ತಾಗ್ತಿಲ್ಲ’ ಎಂದಾಗ ಮುಟ್ಟಬೇಕಾದ್ದು ಡಯಲನ್ನಲ್ಲ, ಕಾಲನ್ನು. ನನ್ನ ಕೆಲಸ ಕಲಿಸಿದ ಪಾಠ ಇಷ್ಟೇ. ಅದರ ಬೆಲೆ ತೆತ್ತವರು ಬೇರೆಯವರು. ಈಗಲೂ ಶಮೀಮಕ್ಕ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. “ನಿಮ್ಮ ಕೈಗುಣ ಒಳ್ಳೇದಂತೆ” ಎನ್ನುತ್ತಾ ಬಂದವರು ಮಲಗುತ್ತಾರೆ. ನಾನು ತಲೆ ತಗ್ಗಿಸಿ ನಳಿಕೆಗೆ ಬಿಸಿನೀರು ತುಂಬುತ್ತೇನೆ.