ಅಳಿಸುವ ಮೊದಲು

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಯುನಿಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದವರು ಫ್ರೇಜರ್ ಟೌನ್ ಕಡೆಯ ಒಬ್ಬ ಮೇಡಂ. ಅರ್ಧಕ್ಕೆ ನಿಂತ ಪ್ರೋಗ್ರಾಮುಗಳು ಸರ್ವರಿನಲ್ಲಿ ಬಿಟ್ಟುಹೋದ ಮೆಮೊರಿ, ಪ್ರೋಗ್ರಾಮುಗಳ ಸರದಿ ಕಾಯುವ ಸೆಮಾಫೋರುಗಳನ್ನು ಅಳಿಸುವ ಮೊದಲು ಕನ್ನಡಕ ಹಣೆಗೇರಿಸಿ ಪರದೆಗೆ ಬಾಗುತ್ತಿದ್ದರು. "ಯಾರಾದ್ರೂ ಬಳಸ್ತಿದ್ದಾರಾ ನೋಡ್ರೀ, ಆಮೇಲೆ ಅಳಿಸಿ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಮೇಡಂ ಊಟಕ್ಕೆ ಹೋಗಿದ್ದಾಗ ಸರ್ವರಿನಲ್ಲಿ ಜಾಗ ಸಾಲದೆ ನನ್ನ ಪ್ರೋಗ್ರಾಮು ಶುರುವಾಗಲಿಲ್ಲ. ಅವಸರದಲ್ಲಿ ಮೇಡಂ ನನಗೆ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ, ಯಾರು ಏನು ಬಳಸುತ್ತಿದ್ದಾರೆಂಬ ಪಟ್ಟಿಯನ್ನೂ ನೋಡದೆ ಎಲ್ಲವನ್ನೂ ಅಳಿಸಿಬಿಟ್ಟೆ. ಆಫೀಸಿನ ಗೆಳೆಯನೊಬ್ಬನ ಪ್ರೋಗ್ರಾಮು ಮೂರು ದಿನದಿಂದ ಓಡುತ್ತಿದ್ದದ್ದು ಅಲ್ಲೇ ನಿಂತುಹೋಯಿತು.

ಮ್ಯಾನೇಜರ್ ಕೂಗಾಡುತ್ತಾ ಬಂದರು. ಅಷ್ಟರಲ್ಲಿ ಮೇಡಂ ಊಟ ಮುಗಿಸಿ ಬಂದರು.

"ಪಾಸ್‌ವರ್ಡ್ ಕೊಟ್ಟಿದ್ದು ನಾನು ಸರ್, ತಪ್ಪು ನಂದು" ಅಂದರು ಮೇಡಂ.

ಮ್ಯಾನೇಜರ್ ಹೋದ ಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಫ್ರೆಂಡ್‌ಗೆ ಮಾತ್ರ ನೀವೇ ಹೇಳ್ಬೇಕು."

ನಾನು ಗೆಳೆಯನಿಗೆ ತಡವರಿಸುತ್ತಾ ಹೇಳಿ ಮುಗಿಸುವವರೆಗೂ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು.