ಹುಣಸೆ ಬೀಜದ ಸೇನಾಪತಿ

ಲಾರಿಗೆ ಹೊದಿಸಿದ ತಾಡಪತ್ರಿ ಮಧ್ಯಾಹ್ನದ ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತದೆ. ಮೇಣ, ಧೂಳು, ಎಣ್ಣೆ, ಯಾವಾಗಲೋ ನೆನೆದು ಒಣಗಿದ ಹಳೆಯ ಮಳೆ, ಎಲ್ಲ ಕೂಡಿದ ವಾಸನೆ. ಉಳಿದವರಿಗೆ ಅದು ಪೇಟೆಯ ವಾಸನೆ, ಅಷ್ಟೇ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಹೊಟ್ಟೆಯೊಳಗಿನ ಹಳೆಯ ಸಿಟ್ಟು ಎದ್ದು ಕೂರುತ್ತದೆ. ಶಿರಸಿಯ ಪೇಟೆಯಲ್ಲಿ ನಮ್ಮ ಮನೆಯ ಪಕ್ಕದ ಗಾಡಿ ಬಯಲಿನಲ್ಲಿ ಸಿನೆಮಾದ ಡೇರೆ ಎದ್ದ ಬೇಸಿಗೆ ಆ ವಾಸನೆಯಲ್ಲಿದೆ. ನನ್ನ ನೀಲತ್ತೆ ಅದರಲ್ಲಿದ್ದಾಳೆ. ಊರು ಇಂದಿಗೂ ಬುದ್ಧಿವಂತನೆಂದು ಹೊಗಳುವ ನನ್ನ ಕಾಕಾ ಅದರಲ್ಲಿದ್ದಾನೆ. ಕಾಕಾ ಸತ್ತು ಬಹಳ ಕಾಲವಾಯಿತು. ಸತ್ತಿದ್ದಾನೆಂಬ ಒಂದೇ ಕಾರಣಕ್ಕೆ ಅವನ ಮೇಲಿನ ಸಿಟ್ಟು ಇಳಿಸುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ, ಇನ್ನು ಬರುವುದೂ ಇಲ್ಲ.

ನಾವು ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ಅಂಗಡಿ ಇಟ್ಟವರು. ಮೂಡಣ ಸೀಮೆಯ ಮೆಣಸಿನಕಾಯಿ, ಬೆಲ್ಲ, ಜೋಳ ಎತ್ತಿನ ಗಾಡಿಗಳಲ್ಲಿ ಎಕ್ಕಂಬಿ ದಾಟಿ ನಮ್ಮ ಬಯಲಿಗೆ ಬಂದು ಇಳಿಯುತ್ತಿತ್ತು. ಅಲ್ಲಿಂದ ಯಲ್ಲಾಪುರಕ್ಕೂ ಸಿದ್ದಾಪುರಕ್ಕೂ ಹೋಗುವವು ನಮ್ಮವೇ ಗಾಡಿಗಳು. ಸಂಜೆಯಾದರೆ ನೊಗ ಬಿಚ್ಚಿದ ಎತ್ತುಗಳ ಗಂಟೆ, ಹುಲ್ಲು ಮೆಲ್ಲುವ ಸದ್ದು, ಕೀಲೆಣ್ಣೆಯ ಕಮಟು, ಮೆಣಸಿನಕಾಯಿ ಘಾಟಿಗೆ ಗಾಡಿಯವರು ಒಬ್ಬರಾದ ಮೇಲೊಬ್ಬರು ಸೀನುವುದು. ಮನೆಗೆ ಹಿರಿಯ ನನ್ನಪ್ಪ. ಮಾತು ಕಡಿಮೆ, ಯಾರು ಏನು ಕೇಳಿದರೂ 'ನೋಡೂಣು' ಅನ್ನುವ ಮನುಷ್ಯ. ಅವನ ತಮ್ಮ ಚನ್ನಬಸು ಕಾಕಾ, ಅಪ್ಪ ಆಡದೆ ಬಿಟ್ಟ ಮಾತನ್ನೆಲ್ಲ ತಾನೇ ಆಡುವವನು. ಅವರಿಬ್ಬರ ಕೊನೆಯ ತಂಗಿ ನೀಲತ್ತೆ. ಅವಳು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ರಂಗೋಲಿ ಪುಡಿಯಲ್ಲಿ ಅಕ್ಷರ ತಿದ್ದಿಸಿದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು; ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ಶಾಲೆಯ ಅಕ್ಕೋರಾಗಬೇಕೆಂದು ಅವಳ ಆಸೆ. ಆ ಒಂದು ಸಲ ಮಾತ್ರ ಅಪ್ಪ ನೋಡೂಣು ಅನ್ನದೆ ಹೂಂ ಅಂದಿದ್ದ. ಹುಬ್ಬಳ್ಳಿಯಿಂದ ಹಸಿರು ಬಣ್ಣದ ತಗಡಿನ ಟ್ರಂಕೂ ಬಂದಿತ್ತು. ಅತ್ತೆ ದಿನಕ್ಕೊಂದು ಬಾರಿ ಅದನ್ನು ತೆಗೆದು, ಒಳಗೆ ಮೂಸಿ ನೋಡಿ, ಮತ್ತೆ ಮುಚ್ಚಿಡುತ್ತಿದ್ದಳು. ಹೊಸ ಬಣ್ಣದ ಆ ವಾಸನೆಗೆ ಅವಳು ಧಾರವಾಡದ ವಾಸನೆ ಎಂದು ಹೆಸರಿಟ್ಟಿದ್ದಳು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಸಿನೆಮಾ ಕಂಪನಿಯವರು ಬಂದು ನಮ್ಮ ಬಯಲನ್ನು ಬಾಡಿಗೆಗೆ ಕೇಳಿದರು. ಹುಬ್ಬಳ್ಳಿಗೆ ಆಗಲೇ ಮಾತಾಡುವ ಚಿತ್ರಗಳು ಬಂದಿದ್ದವಂತೆ. ದೊಡ್ಡ ಊರು ಉಂಡು ಬಿಟ್ಟ ಮೂಕ ಚಿತ್ರಗಳು ನಮ್ಮ ಪಾಲಿಗೆ ಬರುತ್ತಿದ್ದವು. ತಾಡಪತ್ರಿಯ ಡೇರೆ, ಮುಂದೆ ಬಿಳಿ ಪರದೆ, ಗಂಡಸರಿಗೂ ಹೆಂಗಸರಿಗೂ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟ ಹಳೆಯ ಸೀರೆ. ಪರದೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತ ಒಬ್ಬ ಮನುಷ್ಯ ಕಥೆಯನ್ನು ಬಿಡಿಸಿ ಹೇಳುತ್ತಿದ್ದ. ಜಾಗ ನಮ್ಮದಾದ್ದರಿಂದ ನಮಗೆ ಟಿಕೀಟಿಲ್ಲ. ಕಂಪನಿಯ ಹತ್ತಿರ ಇದ್ದ ಕೆಲವೇ ಚಿತ್ರಗಳಲ್ಲಿ ಜನ ಮುಗಿಬಿದ್ದದ್ದು ಪರದೇಶದ ಒಂದು ಯುದ್ಧದ ಚಿತ್ರಕ್ಕೆ. ಅದನ್ನು ನಾವು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

ಉಳಿದವರು ತೋಪು ನೋಡಿದರು, ಕುದುರೆ ನೋಡಿದರು, ಹೊಗೆ ನೋಡಿದರು. ಕಾಕಾ ನೋಡಿದ್ದು ಒಂದು ಮೇಜನ್ನು. ಚಿತ್ರದಲ್ಲಿ ಬಿಳಿ ಮೀಸೆಯ ಸೇನಾಪತಿಯೊಬ್ಬ ಯುದ್ಧದಿಂದ ಬಹು ದೂರ, ಬೆಚ್ಚನೆಯ ಕೋಣೆಯಲ್ಲಿ ನಕಾಶೆ ಹರವಿಕೊಂಡು ಸಣ್ಣ ಬಾವುಟಗಳನ್ನು ಬೆರಳಿನಿಂದ ಸರಿಸುತ್ತಿದ್ದ. ಅವನು ಒಂದು ಬಾವುಟ ಸರಿಸಿದರೆ ಮರುಗಳಿಗೆಗೆ ಪರದೆಯ ಮೇಲೆ ನೂರಾರು ಜನ ಕೆಸರಿನಲ್ಲಿ ಎದ್ದು ಬಿದ್ದು ಓಡುತ್ತಿದ್ದರು. ಕಾಕಾನಿಗೆ ಅದು ತಲೆಗೇರಿತು. ನೀಲತ್ತೆಯ ಕಣ್ಣು ಇನ್ನೊಂದು ಕಡೆ ಇತ್ತು. ಸೇನೆ ಹಿಂದೆ ಸರಿಯುವಾಗ ಸೇತುವೆ ಕಾಯಲು ಒಬ್ಬ ಎಳೆಯ ಸಿಪಾಯಿಯನ್ನು ಬಿಟ್ಟು ಹೋಗುತ್ತಾರೆ. ಹಿಂದಿನಿಂದ ಬಲ ಬರುತ್ತದೆ, ಅಲ್ಲಿಯವರೆಗೆ ಹಿಡಿದಿರು ಅನ್ನುತ್ತಾರೆ. ಬಲ ಬರುವುದೇ ಇಲ್ಲ. ಕಥೆ ಹೇಳುವವನು ಒಂದು ಬೆಳಿಗ್ಗೆ ನಮ್ಮ ಬಾವಿಗೆ ನೀರಿಗೆ ಬಂದಾಗ ಅತ್ತೆ ಅವನನ್ನು ಕೇಳಿದಳು, "ಯಾರೂ ಬರಂಗಿಲ್ಲ ಅಂತ ಆ ಹುಡುಗಗ ಗೊತ್ತಿತ್ತೇನ್ರಿ?" ಅವನು ಕೊಡ ಎತ್ತಿ ಹೆಗಲಿಗಿಡುತ್ತ ನಕ್ಕ. "ಗೊತ್ತಾದ್ರ ಯಾರು ನಿಲ್ತಾರವ್ವ?"

ಅದೇ ವರ್ಷ ಪೇಟೆಯ ಇನ್ನೊಬ್ಬ ಸಾಹುಕಾರ ಲಾರಿ ತಂದಿದ್ದ. ನಮ್ಮ ಗಾಡಿ ಎರಡು ದಿನ ಎಳೆಯುವ ಹಾದಿಯನ್ನು ಅದು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿತ್ತು. ಗಾಡಿ ನಂಬಿ ಬದುಕಿದ ಮನೆ, ಮುಂದೇನು ಎಂಬ ಚಿಂತೆ ಎಲ್ಲರಿಗೂ ಇತ್ತು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾಕಾ ಆ ಚಿಂತೆಯನ್ನು ಯುದ್ಧ ಮಾಡಿಕೊಂಡ. ಅವ್ವ ಸಂಡಿಗೆ ಒಣಗಿಸುವ ಹಲಗೆ ಜಗಲಿಗೆ ಬಂತು. ಅದರ ಮೇಲೆ ಸುಣ್ಣದಲ್ಲಿ ಹಾದಿಗಳನ್ನು ಬರೆದ. ಸೇರು ಮಗುಚಿಟ್ಟರೆ ಶಿರಸಿ, ಪಾವು ಮಗುಚಿಟ್ಟರೆ ಎಕ್ಕಂಬಿ, ಅಡಕತ್ತರಿ ಇಟ್ಟಲ್ಲಿ ಯಲ್ಲಾಪುರ. ನಾನೂ ಅತ್ತೆಯೂ ಚೌಕಾಬಾರ ಆಡುತ್ತಿದ್ದ ಡಬ್ಬಿಯನ್ನು ಕೇಳದೆ ಎತ್ತಿಕೊಂಡ: ನಮ್ಮ ಕಡೆಗೆಲ್ಲ ಹುಣಸೆ ಬೀಜ, ವೈರಿಗೆ ಕವಡೆ. ನಾವು ಆಟ ಬಿಟ್ಟೆವು, ಅವನು ಶುರು ಮಾಡಿದ.

ಯುದ್ಧದ ಚಿತ್ರದಿಂದ ಅವನು ಕಲಿತ ಮೊದಲ ಪಾಠ, ಕೂಡುದಾರಿಯನ್ನು ವೈರಿಗಿಂತ ಮೊದಲು ಹಿಡಿಯಬೇಕು ಎಂಬುದು. ಎಕ್ಕಂಬಿಯಲ್ಲಿ ಒಂದು ಕೊಟ್ಟಿಗೆ ಹಿಡಿದು, ಮೂಡಣದಿಂದ ಬರುವ ಮೆಣಸಿನಕಾಯಿ ಗಾಡಿಗಳನ್ನು ಅಲ್ಲೇ ನಿಲ್ಲಿಸಿ ಮಾಲು ಕೊಂಡುಬಿಟ್ಟ. ಪೇಟೆಯಲ್ಲಿ ಲಾರಿಗೆ ಹೇರಲು ಏನೂ ಉಳಿಯಲಿಲ್ಲ. ಕೆಲವು ವಾರ ಅದು ಸಾಹುಕಾರನ ಅಂಗಡಿಯ ಮುಂದೆ ಸುಮ್ಮನೆ ನಿಂತು, ಅದರ ನೆರಳಿನಲ್ಲಿ ನಾಯಿಗಳು ಮಲಗಿದವು. ಕಾಕಾ ಪೇಟೆಗೆಲ್ಲ ಪೇಡೆ ಹಂಚಿದ. ನಾನೂ ತಿಂದೆ, ಅತ್ತೆಯೂ ತಿಂದಳು. ಅವತ್ತು ಅವನು ಸೋತಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ಎರಡನೆಯ ಪಾಠ, ವೈರಿ ಮರಳುವ ಹಾದಿ ಕಟ್ಟಬೇಕು. ಯಲ್ಲಾಪುರಕ್ಕೆ ಹೋದ ಲಾರಿ ಬರಿದಾಗಿ ಮರಳಿದರೆ ಅದು ಬಹಳ ದಿನ ಓಡಲಾರದು. ಯಲ್ಲಾಪುರದಲ್ಲಿ ನಮ್ಮವನೇ ಒಬ್ಬ ಮಲ್ಲಪ್ಪನೆಂಬ ದೊಡ್ಡ ಅಂಗಡಿಕಾರನಿದ್ದ. ಹೆಂಡತಿ ಸತ್ತಿದ್ದಳು, ತಲೆ ನರೆತಿತ್ತು. ತನ್ನ ಮಾಲನ್ನೆಲ್ಲ ನಮ್ಮ ಗಾಡಿಗೇ ಕೊಡಲು ಅವನು ತಯಾರಿದ್ದ, ಬೀಗತನ ಬೆಳೆಯುವುದಾದರೆ. ಕಾಕಾ ಇದಕ್ಕೆ ಮಿತ್ರಸೈನ್ಯ ಎಂದು ಹೆಸರಿಟ್ಟ. ಜಗಲಿಯ ಮೇಲೆ ಹಲಗೆಯ ಮುಂದೆ ಕೂತು ಅತ್ತೆಯನ್ನು ಕರೆದು, ಮಗುವಿಗೆ ಹೇಳುವಂತೆ ಹೇಳಿದ: "ಧಾರವಾಡ ಎಲ್ಲಿ ಓಡಿ ಹೋಗ್ತದ, ನೀಲಾ? ಒಂದೆರಡು ವರ್ಸ ಯಲ್ಲಾಪುರ ಹಿಡಕೊಂಡಿರು. ಲಾರಿಯವ ಸೋತು ಕುಂತ ಮ್ಯಾಲ ನಾನ ಬಂದು ಕರಕೊಂಡು ಹೋಗಿ ಕಾಲೇಜಿಗೆ ಹಾಕ್ತೀನಿ."

ಅತ್ತೆ ಹಲಗೆಯನ್ನೇ ನೋಡುತ್ತಿದ್ದಳು. "ಸೇತುವಿ ಮ್ಯಾಲಿನ ಹುಡುಗಗೂ ಹಿಂಗ ಹೇಳಿದ್ರಲ್ಲ, ಅಣ್ಣಾ."

"ಅದು ಸಿನೆಮಾ, ಹುಚ್ಚಿ," ಅಂದ ಕಾಕಾ. ಹಲಗೆಯ ಮುಂದೆ ಕೂತು ಈ ಮಾತು ಹೇಳಲು ಅವನಿಗೆ ನಾಚಿಕೆಯಾಗಲಿಲ್ಲ. ಅತ್ತೆ ಅಪ್ಪನ ಕಡೆ ತಿರುಗಿದಳು. ಅಪ್ಪ ಕಂಬಕ್ಕೊರಗಿ ಕೂತು ಎಲೆಗೆ ಸುಣ್ಣ ಹಚ್ಚಿದ, ಮಡಿಸಿದ, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದ. ಆಮೇಲೆ "ನೋಡೂಣು" ಅಂದ. ನಮ್ಮ ಮನೆಯಲ್ಲಿ ಆ ಮಾತಿಗೆ ಅರ್ಥ ಏನೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಎದ್ದು ಒಳಗೆ ಹೋದಳು.

ವೈಶಾಖದಲ್ಲಿ ಮದುವೆಯಾಯಿತು. ಧಾರವಾಡದ ಟ್ರಂಕು ಯಲ್ಲಾಪುರದ ಹಾದಿ ಹಿಡಿಯಿತು. ಕಾಕಾ ಅಡಕತ್ತರಿಯ ಪಕ್ಕ ಒಂದು ಹುಣಸೆ ಬೀಜ ಇಟ್ಟ. ಅತ್ತೆಗೆ ಕವಡೆ ಇಡು, ಚೆಂದ ಕಾಣುತ್ತದೆ ಎಂದು ನಾನು ಹಟ ಮಾಡಿದೆ. "ಕವಡಿ ವೈರಿಗೆ," ಅಂದ ಅವನು. "ಅತ್ತಿ ನಮ್ಮಾಕಿ. ನಮ್ಮವ್ರಿಗೆ ಬೀಜನ ಇಡಬೇಕು."

ಯಲ್ಲಾಪುರದ ಚಳಿಜ್ವರವೆಂದರೆ ಆಗ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಿದ್ದರು. ಅಲ್ಲಿಗೆ ವರ್ಗವಾದ ಗುಮಾಸ್ತರು ರಜೆ ಹಾಕಿ ಊರಲ್ಲೇ ಕೂರುತ್ತಿದ್ದರು. ಕಾಕಾನ ಹಲಗೆಯ ಮೇಲೆ ಹಾದಿಗಿತ್ತು, ಹೊಳೆಗಿತ್ತು, ಲಾರಿಗಿತ್ತು, ಜ್ವರಕ್ಕೆ ಯಾವ ಗುರುತೂ ಇರಲಿಲ್ಲ. ಮರುವರ್ಷದ ಪಂಚಮಿಗೆ ಅತ್ತೆ ಬಂದಾಗ ಬಾಗಿಲಲ್ಲಿ ನಾನು ಅವಳ ಗುರುತು ಹಿಡಿಯಲಿಲ್ಲ. ಮುಖ ಬೂದಿಯ ಬಣ್ಣ, ಕೈಬಳೆ ಮೊಳಕೈವರೆಗೆ ಏರುತ್ತಿತ್ತು. ಕ್ವಿನಾಯಿನ್ ನುಂಗಿ ನುಂಗಿ ಕಿವಿಯಲ್ಲಿ ಸದಾ ಜೇನು ಗುಂಯ್‌ಗುಟ್ಟುತ್ತಿದೆ ಅನ್ನುತ್ತಿದ್ದಳು. ಅವಳೊಡನೆ ಮಾತಾಡಲು ಕೂಗಬೇಕಾಗಿತ್ತು. ಆದರೂ ಜೋಕಾಲಿಯ ಹಗ್ಗ ಹಿಡಿದು ನಿಂತು ನನಗೆ ಮಗ್ಗಿ ಕೇಳಿದಳು, ತಪ್ಪಿದಾಗ ಕಿವಿ ಹಿಂಡಿದಳು. ದೀಪಾವಳಿಯ ತನಕ ಇದ್ದು ಹೋಗಲಿ ಎಂದು ಅವ್ವ ಎಷ್ಟು ಹೇಳಿದರೂ ಕಾಕಾ ಕೇಳಲಿಲ್ಲ. ಮಾಲು ಹೊರಡುವ ಕಾಲ, ಯಲ್ಲಾಪುರದಲ್ಲಿ ನಮ್ಮವರೊಬ್ಬರು ಇರಬೇಕು ಎಂದು ಗಾಡಿ ಹತ್ತಿಸಿ ಕಳಿಸಿದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ವೈರಿಯ ಲಾರಿಯೇ ನಮ್ಮ ಬಾಗಿಲಿಗೆ ಬಂದು ನಿಂತಿತು. ಅದನ್ನು ನಡೆಸುತ್ತಿದ್ದವನು ಇಮಾಮಸಾಬ, ಹಿಂದಿನ ಓಣಿಯವನು. ಯಂತ್ರ ಬಂದ್ ಮಾಡದೆ ಇಳಿದು ಬಂದ. "ಸಾವ್ಕಾರ್ರ, ನಿಮ್ಮ ತಂಗೀಗೆ ಜ್ವರ ಬಾಳ ಐತ್ರಿ. ನಿನ್ನೆ ನಿಮ್ಮ ಬೀಗರ ಅಂಗಡಿ ಮಾಲು ಹೇರಾಕ ಹೋದಾಗ ಕಂಡೆ. ತವರವ್ರು ಕರದ್ರ ಕಳಿಸ್ತೀವಿ ಅಂತಾರ. ಒಬ್ಬರು ನನ್ನ ಸಂಗಾಟ ಬರ್ರಿ, ಸಂಜೀಕ ಇಲ್ಲಿ ದವಾಖಾನಿಗೆ ತಂದು ಬಿಡ್ತೀನಿ."

ತವರಿನಿಂದ ಯಾರಾದರೂ ಹೋಗಿ ಕರೆಯದೆ ಸೊಸೆಯನ್ನು ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ, ಸಾಯುತ್ತಿದ್ದರೂ ಇಲ್ಲ. ಇಮಾಮಸಾಬ ಕೇಳಿದ್ದು ಒಬ್ಬ ಮನುಷ್ಯನನ್ನು, ಒಂದು ದಿನವನ್ನು, ಅಷ್ಟೇ. ಕಾಕಾನ ಕಿವಿಗೆ ಬಿದ್ದದ್ದು ಬೇರೆ.

"ನಮ್ಮ ಬೀಗರ ಮಾಲು ನಿನ್ನ ಲಾರಿಗೆ ಹೇರಿದ್ರ?"

"ಹೂನ್ರಿ, ಹೋದ ಸುಗ್ಗಿಯಿಂದ ಒಳಗೊಳಗ ಹೇರಾಕತ್ಯಾರ. ಅದು ಹೋಗ್ಲಿ ಬಿಡ್ರಿ, ಮೊದಲ ಆಕಿನ್ನ..."

ಕಾಕಾನ ಮುಖ ಕಪ್ಪಿಟ್ಟಿತು. ಮಿತ್ರಸೈನ್ಯ ಯಾವಾಗಲೋ ವೈರಿಯ ಜೊತೆ ರಾಜಿ ಮಾಡಿಕೊಂಡಿತ್ತು. ಅತ್ತೆ ಮಾತ್ರ ಸೇತುವೆಯ ಮೇಲೆ ಉಳಿದಿದ್ದಳು. "ಆ ಗಾಡ್ಯಾಗ ನಮ್ಮ ಮನಿ ಹೆಣ್ಣಮಗಳು ಬರೂದಿಲ್ಲ," ಅಂದ. "ನಮ್ಮ ಗಾಡಿ ಹೋಗ್ತದ." ಒಳಬಾಗಿಲಿಂದ ಅವ್ವ, ಗಾಡಿ ಹೋಗಿ ಬರುವ ತನಕ ಆಕೆ ಜೀವ ಹಿಡಿಯಬೇಕಲ್ಲ ಎಂದು ಬೇಡಿಕೊಂಡಳು. ಅಪ್ಪ ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದಿದ್ದ. ತಮ್ಮನ ಮುಖ ನೋಡಿದ. ಮತ್ತೆ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ. ಇಮಾಮಸಾಬ ಸ್ವಲ್ಪ ಹೊತ್ತು ಕಾದು, ಲಾರಿ ಹತ್ತಿ ಹೋದ. ತಾಡಪತ್ರಿಯ ವಾಸನೆ ಬೀದಿಯಲ್ಲಿ ಬಹಳ ಹೊತ್ತು ನಿಂತಿತ್ತು.

ಅವತ್ತೇ ಗಾಡಿ ಹೂಡಿಸಿಕೊಂಡು ಅಪ್ಪ ಹೊರಟ. ಇನ್ನೂ ಬೇಡ್ತಿ ಹೊಳೆಯ ಹತ್ತಿರ ಇರುವಾಗಲೇ ಎದುರಿನಿಂದ ಅದೇ ಲಾರಿ ಬಂತಂತೆ. ಇಮಾಮಸಾಬ ಇಳಿದು ಗಾಡಿಯ ನೊಗ ಹಿಡಿದು ತಲೆ ತಗ್ಗಿಸಿದನಂತೆ. ಅಪ್ಪನಿಗೆ ಕೇಳುವುದೇನೂ ಉಳಿಯಲಿಲ್ಲ. ಯಲ್ಲಾಪುರದಲ್ಲಿ ಮಣ್ಣು ಮಾಡಿ, ಹಸಿರು ಟ್ರಂಕನ್ನು ಗಾಡಿಯಲ್ಲಿಟ್ಟುಕೊಂಡು ಮರಳಿ ಬಂದ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕಾ ಮತ್ತೆ ಹಲಗೆಯ ಮುಂದೆ ಕೂತ. ಅಡಕತ್ತರಿಯ ಪಕ್ಕದ ಬೀಜವನ್ನು ಎತ್ತಿ ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿ ಅದು ಟಕ್ ಅಂದದ್ದು ನನಗೆ ಕೇಳಿಸಿತು. "ಯಲ್ಲಾಪುರ ಖಾಲಿ ಬಿಟ್ರ ಎಲ್ಲಾ ಕೈ ಬಿಟ್ಟಂಗ," ಅಂದ. ಇನ್ನೊಂದು ಬೀಜ ತೆಗೆದು ಬೆರಳಲ್ಲಿ ಹೊರಳಿಸುತ್ತ, ಅಕ್ಕಿ ಆರಿಸುತ್ತ ಕೂತಿದ್ದ ನನ್ನ ಕಡೆ ನೋಡಿದ. "ಮಲ್ಲಪ್ಪ ಇದ ಮನ್ಯಾಗಿಂದ ಇನ್ನೊಂದು ಹೆಣ್ಣು ತರಾಕ ಒಪ್ಯಾನ. ಈಕೀಗೂ ಹದಿಮೂರು ದಾಟೇತಿ..."

"ಬ್ಯಾಡ," ಅಂದ ಅಪ್ಪ. ಅವನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಕಾಕಾ ಯಾರು ಮಾತಾಡಿದರೆಂದೇ ತಿಳಿಯದೆ ಸುತ್ತ ನೋಡಿದ. ಅಪ್ಪ ಎದ್ದು ಬಂದು ಹಲಗೆಯನ್ನು ಎತ್ತಿ ಅಂಗಳಕ್ಕೆ ಎಸೆದ. ಶಿರಸಿಯ ಸೇರು ಉರುಳಿ ಎತ್ತಿನ ಕಾಲ ಬಳಿ ಹೋಗಿ ನಿಂತಿತು. ಡಬ್ಬಿ ಮಗುಚಿ ಬೀಜಗಳು ಜಗಲಿಯ ತುಂಬ ಚೆಲ್ಲಿದವು. ಅಪ್ಪ ಅಲ್ಲೇ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಎತ್ತು ಉಸಿರು ಬಿಟ್ಟ ಹಾಗೆ ಅತ್ತ.

ಆಮೇಲಿನದು ಊರಿಗೆಲ್ಲ ಗೊತ್ತಿರುವ ಕಥೆ. ಗಾಡಿಗಳು ಹೋದವು, ಕಾಕಾ ಬೇರೆಯಾದ, ತಾನೇ ಲಾರಿ ಕೊಂಡ, ದೊಡ್ಡವನಾದ, ದೂರದೃಷ್ಟಿಯವನೆಂದು ಹೆಸರು ಮಾಡಿದ. ಆ ಮನೆ ಈಗಿಲ್ಲ, ಬಯಲಿಲ್ಲ, ಗಂಟೆಯ ಸದ್ದಿಲ್ಲ. ಅಪ್ಪ ನನ್ನನ್ನು ಧಾರವಾಡಕ್ಕೆ ಕಳಿಸಿದ, ಅದೇ ಟ್ರಂಕು ಕೊಟ್ಟು. ಒಳಗೆ ಮೂಸಿ ನೋಡಿದೆ. ಬಣ್ಣದ ವಾಸನೆ ಹೋಗಿ ಕ್ವಿನಾಯಿನ್ ವಾಸನೆ ಕೂತಿತ್ತು. ನಾನು ಅಕ್ಕೋರಾದೆ, ಸಿದ್ದಾಪುರದ ಕಡೆಯ ಶಾಲೆಗಳಲ್ಲಿ ಎಷ್ಟೋ ಹುಡುಗಿಯರಿಗೆ ಅಕ್ಷರ ತಿದ್ದಿಸಿದೆ. ಎಲ್ಲರೂ ನನ್ನಪ್ಪನನ್ನು ಹೊಗಳುತ್ತಾರೆ, ಆ ಕಾಲದಲ್ಲಿ ಮಗಳನ್ನು ಓದಿಸಿದನಲ್ಲ ಎಂದು. ನಾನು ಸುಮ್ಮನಿರುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬಳು ಹೀಗೆ ಹೋಗಿದ್ದರೆ ನಾನೇಕೆ ಸುಮ್ಮನಿರುತ್ತೇನೆಂದು ನಿಮಗೆ ತಿಳಿಯುತ್ತದೆ. ಅಪ್ಪನ ಆ 'ಬ್ಯಾಡ' ನೀಲತ್ತೆಗೆ ಸೇರಬೇಕಾದದ್ದು. ಬರುವಷ್ಟರಲ್ಲಿ ಅವಳಿರಲಿಲ್ಲ, ಅದಕ್ಕೇ ನನ್ನ ಪಾಲಿಗೆ ಬಂತು. ಅವಳದ್ದನ್ನು ನಾನು ಉಂಡು ಬದುಕಿದೆ.

ಅಪ್ಪ ಹಲಗೆ ಎಸೆದ ದಿನ ಜಗಲಿ ಗುಡಿಸುವ ಮೊದಲು ನಾನು ಬೀಜಗಳನ್ನೆಲ್ಲ ಆರಿಸಿದೆ. ಯಲ್ಲಾಪುರದಲ್ಲಿದ್ದ ಅತ್ತೆಯ ಬೀಜವನ್ನು ತೆಗೆದಿಟ್ಟುಕೊಳ್ಳಬೇಕೆಂದಿತ್ತು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ಒಂದೇ ಥರ ಇದ್ದವು.