ನಾಲ್ಕು ಹತ್ತರ ಭೂಕಂಪ

ನಮ್ಮ ಭಾವ ಮೂವತ್ತು ವರ್ಷ ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು. ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ, ನೀವು ಕಂಡುಹಿಡಿಯುತ್ತೀರೋ ಇಲ್ಲವೋ ಎಂದು ನೋಡುತ್ತಿದ್ದೆ ಎನ್ನುವ ಜಾತಿ. ನಿವೃತ್ತಿಯಾದ ಮೇಲೆ ಕೇಳಲು ಮಕ್ಕಳಿಲ್ಲದೆ, ಭೂಮಿಗೇ ಪರೀಕ್ಷೆ ಕೊಡಲು ಹೊರಟರು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಭೂಕಂಪ ಅಳೆಯುವ ಯಂತ್ರ ಕಟ್ಟಿದರು.

ಯಂತ್ರವೇನೋ ಸರಿಯಾಗಿಯೇ ಇತ್ತು, ಒಪ್ಪಲೇಬೇಕು. ತಂತಿಯಲ್ಲಿ ತೂಗುಬಿಟ್ಟ ಅಡ್ಡ ಸರಳು, ತುದಿಯಲ್ಲಿ ಹಿತ್ತಾಳೆಯ ಗುಂಡು, ಗುಂಡಿಗೆ ಅಂಟಿಸಿದ ಬ್ಲೇಡು. ಬ್ಲೇಡಿನ ಈಚೆ ಪುಟ್ಟ ದೀಪ, ಆಚೆ ಬೆಳಕು ಗ್ರಹಿಸುವ ಎರಡು ಕಣ್ಣು. ನೆಲ ಅಲುಗಿದರೆ ಬ್ಲೇಡಿನ ನೆರಳು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಯುತ್ತದೆ, ಕಂಪ್ಯೂಟರಿನಲ್ಲಿ ಗೆರೆ ಕುಣಿಯುತ್ತದೆ. ಅದಕ್ಕೆ ಬೇಕಾದದ್ದು ಕತ್ತಲೆ. ಪೆಟ್ಟಿಗೆಗೆ ಮುಚ್ಚಳವೂ ಇತ್ತು. ಆದರೆ ಮುಚ್ಚಿಟ್ಟರೆ ಬಂದವರು ಹೊಗಳುವುದು ಏನನ್ನು? ಭಾವ ಅದನ್ನು ತೆಗೆದು ಅಟ್ಟಕ್ಕೆ ಎಸೆದಿದ್ದರು.

ದಿನಾ ನಾಲ್ಕು ಹತ್ತಕ್ಕೆ ಗೆರೆ ಕುಣಿಯತೊಡಗಿತು. ಪಕ್ಕದ ಹಿಟ್ಟಿನ ಗಿರಣಿ ಮಧ್ಯಾಹ್ನ ತೆರೆಯುವುದೂ ನಾಲ್ಕಕ್ಕೇ.

"ಆ ಗಿರಣಿಯವಳದ್ದೇ ಕಣೋ ಇದು. ನಮ್ಮ ಅಡಿಪಾಯನೇ ಅಲ್ಲಾಡಿಸ್ತಿದ್ದಾಳೆ," ಎಂದರು ಭಾವ.

ಗಿರಣಿಯವಳು ಆ ಒಂದು ಯಂತ್ರ ನಂಬಿಕೊಂಡು ಹಾಸಿಗೆ ಹಿಡಿದ ತಾಯಿಯನ್ನು ಸಾಕುತ್ತಿದ್ದವಳು. ಭಾವ ಪುರಸಭೆಗೆ ಅರ್ಜಿ ಹಾಕಿದರು. ಕಚೇರಿಯವರು ಹದಿನೈದು ದಿನ ಗಿರಣಿಗೆ ಬೀಗ ಜಡಿದು, ಅಷ್ಟರಲ್ಲಿ ನಡುಕ ನಿಂತರೆ ಪರವಾನಗಿ ರದ್ದು ಎಂದರು.

ಬೀಗ ಬಿದ್ದ ದಿನವೇ, ಧೂಳು ಒರೆಸಿ ಸಾಕಾಗಿದ್ದ ಅಕ್ಕ ಅಟ್ಟದಿಂದ ಮುಚ್ಚಳ ಇಳಿಸಿ ಪೆಟ್ಟಿಗೆಗೆ ಮುಚ್ಚಿದಳು. ಗೆರೆ ತೆಪ್ಪಗೆ ಮಲಗಿತು.

"ನೋಡಿದ್ಯಾ? ಗಿರಣಿ ನಿಂತಿತು, ಭೂಮಿನೂ ನಿಂತಿತು," ಎಂದು ಭಾವ ಬೀಗಿದರು.

ನನಗೆ ಅನುಮಾನ. ಒಂದು ಮಧ್ಯಾಹ್ನ ಅವರ ಎದುರಿಗೇ ಮುಚ್ಚಳ ತೆಗೆದೆ. ನಾಲ್ಕು ಹತ್ತಕ್ಕೆ ಹೊರಗಿನ ಮರದ ಅಲುಗುವ ಎಲೆಗಳ ಸಂದಿನಿಂದ, ಗವಾಕ್ಷಿಯ ಮೂಲಕ ಬಿಸಿಲಕೋಲೊಂದು ಇಳಿದು ಆ ಎರಡು ಕಣ್ಣುಗಳ ಮೇಲೆ ಬಿತ್ತು. ಗೆರೆ ಕುಣಿಯಿತು. ಅಂಗೈ ಅಡ್ಡ ಹಿಡಿದೆ, ನಿಂತಿತು. ತೆಗೆದೆ, ಮತ್ತೆ ಕುಣಿಯಿತು. ಗಿರಣಿಯ ಬೀಗ ಹಾಗೇ ಇತ್ತು.

ಭಾವ ಕನ್ನಡಕ ಒರೆಸಿಕೊಂಡರು. "ಇವತ್ತು ಎಲ್ಲೋ ದೂರದಲ್ಲಿ ಭೂಕಂಪ ಆಗಿರಬೇಕು," ಎಂದು ಮುಚ್ಚಳ ಮುಚ್ಚಿದರು.

ನನಗೆ ಹೇಸಿಗೆಯಾಯಿತು. ಇಂಥವನ ಕೈಕೆಳಗೆ ಮೂವತ್ತು ವರ್ಷ ಮಕ್ಕಳು ಕಲಿತರಲ್ಲ ಎಂದುಕೊಂಡೆ.

ವಿಚಾರಣೆಯ ದಿನ, ಆ ಒಂದು ಮಧ್ಯಾಹ್ನದ್ದು ಬಿಟ್ಟು, ನೆಟ್ಟಗೆ ಮಲಗಿದ ಗೆರೆಯ ಹಾಳೆಗಳು ಅಧಿಕಾರಿಯ ಮೇಜಿಗೆ ಬಂದವು. ಕೆಳಗೆ ಸಾಕ್ಷಿಯ ರುಜು ಬೇಕಿತ್ತು. ಭಾವ ಪೆನ್ನನ್ನು ನನ್ನತ್ತ ಚಾಚಿದರು. ಕೆಲಸ ಹೋದ ಮೂರು ವರ್ಷದಿಂದ ನಾನು ಮಲಗುವುದು ಅವರ ಮಹಡಿಯಲ್ಲಿ, ಉಣ್ಣುವುದು ಅವರ ಮನೆಯಲ್ಲಿ. ರುಜು ಹಾಕಿದೆ.

ಹೊರಗೆ ಗಿರಣಿಯವಳು ಗೋಡೆಗೆ ಒರಗಿ ನಿಂತಿದ್ದಳು. "ನಿಮ್ಮ ಭಾವ ಒಬ್ಬರೇ ಹೇಳಿದ್ರೆ ನಾನು ನಂಬ್ತಿರಲಿಲ್ಲ. ನೀವೂ ಕಣ್ಣಾರೆ ನೋಡಿದ್ರಾ?" ಎಂದು ಕೇಳಿದಳು.

"ನೋಡಿದೆ," ಎಂದೆ.